ಒಂದು ಸೀಟು, ಏಳು ದ್ವೀಪ

ನಮ್ಮೂರಿಗೆ ನದಿಯಿಲ್ಲ. ಕೆರೆಯೊಂದಿದೆ, ಅದರಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಸಮುದ್ರವನ್ನು ಕಣ್ಣಾರೆ ಕಂಡವರು ಊರೆಲ್ಲ ಹುಡುಕಿದರೆ ಇಬ್ಬರೋ ಮೂವರೋ ಸಿಗಬಹುದು. ಆದರೆ ಈಜು ಬಾರದವರು ಒಬ್ಬರೂ ಇಲ್ಲ. ಒಂದೇ ವಸ್ತುವಿನ ಮೇಲೆ ಇಬ್ಬರು ಕಣ್ಣು ಹಾಕಿದರೆ ಈಜಿ ತೀರಿಸಿಕೊಳ್ಳುವುದು ಇಲ್ಲಿನ ರೂಢಿ. ಬಸ್‌ಸ್ಟ್ಯಾಂಡ್ ಮೂಲೆಯ ಹೂವಿನಂಗಡಿ ಜಾಗ ಹಾಗೇ ತೀರ್ಮಾನವಾಯಿತು. ಪಂಚಾಯಿತಿ ಆಫೀಸಿನ ಜವಾನನ ಕೆಲಸ ಹಾಗೇ. ಒಂದು ಸಲ ಇಬ್ಬರು ಅಕ್ಕತಂಗಿಯರು ಒಬ್ಬನೇ ಗಂಡನ್ನು ಒಪ್ಪಿ ಈಜಿಗೆ ಕೂತರಂತೆ. ನಾಲ್ಕನೇ ದ್ವೀಪಕ್ಕೆ ಬರುವಷ್ಟರಲ್ಲಿ ಇಬ್ಬರಿಗೂ ಅವನು ಸಾಕೆನ್ನಿಸಿ ಎದ್ದು ಬಂದರಂತೆ.

ಈಜುವುದು ಚಮನ್ ಸಾಬರ ಅಂಗಡಿಯಲ್ಲಿ. ಮುಂದೆ ಜೆರಾಕ್ಸ್ ಮಷಿನ್, ಹಿಂದೆ ಎರಡು ಕಂಪ್ಯೂಟರು, ಎರಡು ಕುರ್ಚಿ. ಆಟದಲ್ಲಿ ಏಳು ದ್ವೀಪಗಳಿವೆ. ಮೊದಲನೆಯ ದ್ವೀಪದ ಕಾಡಿನಲ್ಲಿ ಬರಿಗೈಯಲ್ಲಿ ಬಿಡುತ್ತಾರೆ. ಮೈಮೇಲೆ ಒಂದು ಜೊತೆ ಬಟ್ಟೆ, ಕಾಲಿಗೆ ದಪ್ಪ ಬೂಟು, ಅಷ್ಟೇ. ಕಾಯಿಯೋ ಏಡಿಯೋ ಸಿಕ್ಕಿದ್ದನ್ನು ತಿಂದು, ಚಳಿ ತಡೆದು, ಒಂದು ದ್ವೀಪವನ್ನು ನಡೆದು ದಾಟಿ, ಮುಂದಿನದಕ್ಕೆ ಈಜಬೇಕು. ಏಳನೇ ದ್ವೀಪದಲ್ಲಿ ಯಾರು ಮೊದಲು ಬೆಂಕಿ ಹಚ್ಚುತ್ತಾರೋ ಅವರದು ಗೆಲುವು. ಬೆಂಕಿ ಹತ್ತಿದ ಕ್ಷಣಕ್ಕೆ ಆಟ ನಿಲ್ಲುತ್ತದೆ, ಎದುರಾಳಿ ಎಲ್ಲಿದ್ದರೆ ಅಲ್ಲಿಂದಲೇ ಎದ್ದು ಮನೆಗೆ ಹೋಗಬಹುದು.

ಅಲ್ಲಿ ನೆನೆದರೆ ಕುರ್ಚಿಯಲ್ಲಿ ಕೂತವರೂ ನೆನೆಯುತ್ತಾರೆ. ಅಲ್ಲಿ ಮುಳ್ಳು ಚುಚ್ಚಿದರೆ ಇಲ್ಲಿ ರಕ್ತ. ಅದಕ್ಕೇ ಚಮನ್ ಸಾಬರು ಕುರ್ಚಿಗಳ ಕೆಳಗೆ ಗೋಣಿಚೀಲ ಹಾಸಿ, ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಟವೆಲು ಮಾತ್ರ ನಾವೇ ತರಬೇಕು. ದಂಡೆಯಲ್ಲಿದ್ದರೆ ಸೋತೆನೆಂದು ಏಳಬಹುದು, ನೀರಿನ ನಡುವೆ ಇದ್ದರೆ ಕುರ್ಚಿ ಬಿಡುವುದಿಲ್ಲ. ಮುಳುಗಿದರೆ ಸಾಯುವುದೇನೂ ಇಲ್ಲ, ಆದರೆ ಆಮೇಲೆ ಜನ್ಮವಿಡೀ ನೀರು ಕಂಡರೆ ಆಗುವುದಿಲ್ಲ. ಬಸಣ್ಣ ಮೇಷ್ಟ್ರು ಹೆಡ್‌ಮಾಸ್ಟರ್ ಕುರ್ಚಿಗಾಗಿ ಈಜಲು ಹೋಗಿ ಐದನೇ ದ್ವೀಪದ ಹತ್ತಿರ ಮುಳುಗಿದವರು. ಹದಿನೆಂಟು ವರ್ಷದಿಂದ ಸ್ನಾನವಿಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಾರೆ, ಕುಡಿಯುವ ನೀರನ್ನು ಕಣ್ಣು ಮುಚ್ಚಿ ಕುಡಿಯುತ್ತಾರೆ, ಮಳೆ ಬಂದರೆ ಮನೆಯ ಕಿಟಕಿಗಳಿಗೆ ಕಂಬಳಿ ಇಳಿಬಿಡುತ್ತಾರೆ.

ನಾನು ಈಜಿದ್ದು ಹಾಸ್ಟೆಲ್ ಸೀಟಿಗೆ. ನನ್ನ ಮನೆಯಿರುವುದು ಊರಿನಾಚೆಯ ಒಂದು ಹಳ್ಳಿಯಲ್ಲಿ. ಅಲ್ಲಿಂದ ಬೆಳಗಿನ ಬಸ್ಸು ಹೊರಡುವುದೇ ಒಂಬತ್ತಕ್ಕೆ, ಅದು ಊರಿಗೆ ಬರುವಾಗ ಕಾಲೇಜಿನಲ್ಲಿ ಎರಡು ಕ್ಲಾಸು ಮುಗಿದಿರುತ್ತವೆ. ಹೋದ ವರ್ಷ ಹಾಜರಾತಿ ಸಾಲದೆಂದು ನನ್ನನ್ನು ಪರೀಕ್ಷೆಗೆ ಕೂರಿಸಲಿಲ್ಲ. ಈ ವರ್ಷವೂ ಸಾಲದಿದ್ದರೆ ಹೆಸರನ್ನೇ ಹೊಡೆದುಹಾಕುತ್ತಾರೆ. ಹಾಗಿರುವಾಗ ಹಾಸ್ಟೆಲಿನ ಒಬ್ಬ ಹುಡುಗಿ ಪೊಲೀಸ್ ಕೆಲಸ ಸಿಕ್ಕಿ ಹೊರಟುಹೋದಳು. ಖಾಲಿಯಾದ ಒಂದು ಸೀಟಿಗೆ ನಾನು ಅರ್ಜಿ ಹಾಕಿದೆ, ನನ್ನ ಕ್ಲಾಸಿನ ಹಾಲಮ್ಮನೂ ಹಾಕಿದಳು. ಅವಳ ಬಸ್ಸು ನಮ್ಮದಕ್ಕಿಂತ ಬೇಗ, ಒಂಬತ್ತೂವರೆಗೇ ಬರುತ್ತದೆ, ಆದರೆ ವಾರಕ್ಕೆರಡು ಸಲ ದಾರಿಯಲ್ಲೇ ಕೆಟ್ಟು ನಿಲ್ಲುತ್ತದೆ. ವಾರ್ಡನ್ ಮೇಡಂ ಎರಡೂ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟು, "ಭಾನುವಾರ ಬೆಳಿಗ್ಗೆ ಏಳಕ್ಕೆ ಚಮನ್ ಸಾಬರ ಅಂಗಡಿ. ಟವೆಲ್ ಮರೀಬೇಡಿ," ಎಂದರು.

ಭಾನುವಾರ ಅಂಗಡಿ ತುಂಬಿತ್ತು. ಜನ ಮನೆಯಿಂದಲೇ ಕುರ್ಚಿ ತಂದಿದ್ದರು. ವಾರ್ಡನ್ ಮೇಡಂ ಹಾಸ್ಟೆಲ್ ಅಡುಗೆಗೆ ಬೇಕಾದ ಎರಡು ಮೂಟೆ ಸೊಪ್ಪನ್ನೂ ತಂದು ಬಿಡಿಸುತ್ತ ಕೂತಿದ್ದರು, ಸುಮ್ಮನೆ ಕೂತವರ ಮಡಿಲಿಗೆ ಒಂದೊಂದು ಕಟ್ಟು ಹಾಕುತ್ತಿದ್ದರು. ನನ್ನ ಕಡೆಯಿಂದ ಊಟ ತಿನ್ನಿಸಲು ಅತ್ತೆ ಬಂದಿದ್ದಳು, ಹಾಲಮ್ಮನ ಕಡೆಯಿಂದ ಅವಳ ಅಜ್ಜಿ. ಎಲ್ಲರಿಗಿಂತ ಮುಂದೆ ಬಸಣ್ಣ ಮೇಷ್ಟ್ರು. ಅವರು ಒಂದು ಈಜನ್ನೂ ತಪ್ಪಿಸುವವರಲ್ಲ, ಸ್ಕ್ರೀನಿನಲ್ಲಿ ನೀರು ಕಂಡಾಗ ಮಾತ್ರ ಮುಖ ತಿರುಗಿಸಿ ಪಕ್ಕದವರನ್ನು ವರದಿ ಕೇಳುತ್ತಾರೆ.

ಮೊದಲನೇ ದ್ವೀಪದಲ್ಲಿ ಕಾಯಿ ಕಿತ್ತು, ಚಕಮಕಿ ಕಲ್ಲು ಹುಡುಕಿ, ಇಬ್ಬರೂ ದಂಡೆಗೆ ಬಂದೆವು. ಆ ದಂಡೆಯಲ್ಲಿ ಬೂಟುಗಳದೊಂದು ಗುಡ್ಡವೇ ಇದೆ. ಇಲ್ಲಿಯವರೆಗೆ ಈಜಿದವರೆಲ್ಲ ಬಿಚ್ಚಿಟ್ಟು ಹೋದವು. ಗುಡಿಯ ಮುಂದೆ ಬಿಡುವ ಹಾಗೆ ಜೋಡಿಸಿಟ್ಟ ಬೂಟುಗಳು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ನೀರು ಕಂಡ ತಕ್ಷಣ ನಮ್ಮೂರಿನವರ ಕೈ ತಾನಾಗಿ ಕಾಲಿನ ಕಡೆ ಹೋಗುತ್ತದೆ. ಹಾಲಮ್ಮ ಬಿಚ್ಚಿಟ್ಟಳು. ನಾನು ಹಾಗೇ ನೀರಿನ ಕಡೆ ನಡೆದೆ.

"ಬೂಟು!" ಎಂದರು ಬಸಣ್ಣ ಮೇಷ್ಟ್ರು.

"ಇರ್ಲಿ ಬಿಡಿ ಮೇಷ್ಟ್ರೇ."

"ಇರ್ಲಿ ಅಂದ್ರೆ? ಗಂಗವ್ವನ್ನ ಬೂಟುಗಾಲಲ್ಲಿ ತುಳೀತೀಯಾ?"

"ತುಳಿಯಲ್ಲ, ಈಜ್ತೀನಿ."

ಅತ್ತೆ ಹಿಂದಿನಿಂದ ನನ್ನ ಜಡೆ ಎಳೆದಳು. "ಬಾಯ್ ಮುಚ್ಚೇ ಓಬಿ. ಬಿಚ್ಚಿಡು. ಊರು ಉಗೀತೈತೆ."

ಊರು ಆಗಲೇ ಶುರುಮಾಡಿತ್ತು. ಅನರ್ಹ ಮಾಡಿ ಎಂದು ಒಬ್ಬರು, ಎಬ್ಬಿಸಿ ಕಳಿಸಿ ಎಂದು ಇನ್ನೊಬ್ಬರು. ಚಮನ್ ಸಾಬರು ಕನ್ನಡಕ ಹಾಕಿಕೊಂಡು ಗೋಡೆಗೆ ಅಂಟಿಸಿದ್ದ ನಿಯಮಗಳ ಹಾಳೆಯ ಮುಂದೆ ನಿಂತರು. "ಕೀ ಮೇಲೆ ಕಲ್ಲು ಇಡಬಾರದು. ಕುರ್ಚಿ ಬಿಟ್ಟು ಏಳಬಾರದು. ಎದುರಾಳಿ ಕಣ್ಣಿಗೆ ಟವೆಲ್ ಬೀಸಬಾರದು..." ಎಂದು ಬೆರಳಿಟ್ಟು ಹನ್ನೊಂದನ್ನೂ ಓದಿದರು. ಆಮೇಲೆ ಹಾಳೆಯನ್ನೊಮ್ಮೆ ಎತ್ತಿ ಹಿಂಭಾಗವನ್ನೂ ನೋಡಿದರು. "ಬೂಟಿನ ಮಾತು ಎಲ್ಲೂ ಇಲ್ಲ. ಇಳಿ ಮಗಳೇ."

"ಸಂಪ್ರದಾಯನ ಯಾರಾದ್ರೂ ಬರೆದು ಅಂಟಿಸ್ತಾರೇನ್ರೀ ಸಾಬ್ರೇ?" ಎಂದರು ಮೇಷ್ಟ್ರು.

"ನಂಗೆ ಓದಕ್ಕೆ ಬರೋದು ಬರೆದಿದ್ದು ಮಾತ್ರ ಮೇಷ್ಟ್ರೇ. ಕೂತ್ಕೊಳ್ಳಿ, ಮಂಡಕ್ಕಿ ತಗೊಳ್ಳಿ."

ಹಾಲಮ್ಮ ಪಕ್ಕದ ಕುರ್ಚಿಯಿಂದ ನನ್ನ ಸ್ಕ್ರೀನ್ ನೋಡಿ ನಕ್ಕಳು. "ಭಾರ ಆಗಿ ಮುಳುಗ್ತೀಯ ಕಣೆ."

ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕ್ಲಾಸು ತಪ್ಪಿದ ದಿನಗಳಲ್ಲಿ ಒಂದೋ ಕಾಲೇಜಿನ ಲೈಬ್ರರಿಯಲ್ಲಿ ಓದುತ್ತ ಕೂರುತ್ತಿದ್ದೆ, ಇಲ್ಲವೇ ಈ ಅಂಗಡಿ ಖಾಲಿಯಿದ್ದಾಗ ಬಂದು ಅಭ್ಯಾಸ ಮಾಡುತ್ತಿದ್ದೆ. ಬೂಟು ಹಾಕಿ ಈಜಿದ್ದೆ, ಬಿಚ್ಚಿ ಈಜಿದ್ದೆ. ಒಂದು ಕೈ ಬಡಿತದ ವ್ಯತ್ಯಾಸವೂ ಇರಲಿಲ್ಲ. ಹಾಲಮ್ಮನಿಗೆ ಹೇಳಬಹುದಿತ್ತು, ಹೇಳಲಿಲ್ಲ. ಸೀಟು ಒಂದೇ ಇತ್ತು.

ದೂರ ಈಜುವುದೆಂದರೆ ಏನೋ ಸಾಹಸ ಎಂದುಕೊಂಡವರು ಈಜಿದವರಲ್ಲ. ಅದು ಬರೀ ಬೇಸರ. ಮುಂದಕ್ಕೆ ಹೋಗುವ ಕೀಯನ್ನು ಮಧ್ಯದ ಬೆರಳಿನಿಂದ ಒತ್ತಿ ಹಿಡಿದು ಮುಕ್ಕಾಲು ಗಂಟೆ ನೀಲಿ ಬಣ್ಣ ನೋಡುತ್ತ ಕೂರಬೇಕು. ಸ್ಕ್ರೀನಿನ ಕೆಳಗೆ ಒಂದು ಹಸಿರು ಪಟ್ಟಿ, ಅದು ಉಸಿರು. ನೀರಿನಲ್ಲಿರುವಷ್ಟು ಹೊತ್ತೂ ಕುಗ್ಗುತ್ತದೆ, ಕೈ ಬಡಿದರೆ ಇನ್ನೂ ಬೇಗ, ದಂಡೆಯಲ್ಲಿ ತಿಂದು ಕೂತರೆ ನಿಧಾನಕ್ಕೆ ತುಂಬುತ್ತದೆ. ಹಾಲಮ್ಮ ನನಗಿಂತ ಒಳ್ಳೆಯ ಈಜುಗಾತಿ. ಕೀಯನ್ನು ಒತ್ತಿ ಹಿಡಿಯುವ ಬದಲು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಹೋಗುತ್ತಿದ್ದಳು. ಪಟ್ಟಿ ನನ್ನದರ ಅರ್ಧದಷ್ಟು ಕೂಡ ಕರಗುತ್ತಿರಲಿಲ್ಲ. ಮೂರನೇ ದ್ವೀಪಕ್ಕೆ ಹೊರಟಾಗ ಅವಳು ಐವತ್ತು ಕೈ ಮುಂದಿದ್ದಳು. ಇಬ್ಬರ ಬಟ್ಟೆಯಿಂದಲೂ ಉಪ್ಪುನೀರು ಗೋಣಿಚೀಲಕ್ಕೆ ತೊಟ್ಟಿಕ್ಕುತ್ತಿತ್ತು. ಅತ್ತೆ ನನ್ನ ಬಾಯಿಗೆ ಒಂದು ತುತ್ತು ಉಪ್ಪಿಟ್ಟು ಇಟ್ಟಳು. ಅದೂ ಉಪ್ಪಾಗಿತ್ತು.

"ಏ ಓಬಿ, ಸೀಟು ಸಿಕ್ರೆ ಮೊದ್ಲು ಏನ್ ಮಾಡ್ತೀಯ?" ಎಂದಳು ಹಾಲಮ್ಮ, ಕಣ್ಣು ತನ್ನ ಸ್ಕ್ರೀನಿನಲ್ಲೇ ಇಟ್ಟು.

"ಮಲಗ್ತೀನಿ. ನೀನು?"

"ಎಂಟೂವರೆಗೆ ಎದ್ದು ಒಂಬತ್ತಕ್ಕೆ ಕ್ಲಾಸಲ್ಲಿರ್ಬೇಕು. ಒಂದಿನ ಆದ್ರೂ. ಅದೊಂದು ಆಸೆ ಐತೆ."

"ಆಸೆ ಪಡಾಕೆ ಬೇರೆ ಏನೂ ಸಿಗ್ಲಿಲ್ವಾ ನಿಂಗೆ?"

"ಮಾತಾಡ್ಬೇಡ, ಹಿಂದೆ ನೋಡು! ಹಲ್ಮೀನು!"

ಈ ನೀರಿನಲ್ಲಿ ಸಾಲು ಹಲ್ಲಿನ ದೊಡ್ಡ ಮೀನುಗಳಿವೆ, ಕಾಲಿಗೆ ಬಾಯಿ ಹಾಕುತ್ತವೆ. ನಾನು ಗಾಬರಿಯಿಂದ ತಿರುಗಿದೆ. ಹಿಂದೆ ಬರೀ ನೀಲಿ. ಮತ್ತೆ ಮುಂದೆ ತಿರುಗುವಷ್ಟರಲ್ಲಿ ಅವಳು ಇನ್ನೂ ಇಪ್ಪತ್ತು ಕೈ ಮುಂದೆ ಹೋಗಿದ್ದಳು. ಅಂಗಡಿಗೆ ಅಂಗಡಿಯೇ ನಕ್ಕಿತು. ಅವಳ ಅಜ್ಜಿ ಬೊಚ್ಚುಬಾಯಿ ತೆರೆದು ಎಲ್ಲರಿಗಿಂತ ಜೋರಾಗಿ ನಕ್ಕರು.

ನಾಲ್ಕನೇ ದ್ವೀಪಕ್ಕೆ ಮುಳ್ಳಿನ ದ್ವೀಪ ಎಂದೇ ಹೆಸರು. ಈ ದಂಡೆಯಿಂದ ಆ ದಂಡೆಯವರೆಗೆ ನೆಲವೇ ಕಾಣದ ಹಾಗೆ ಮುಳ್ಳು. ಅಲ್ಲಿ ಎಲ್ಲರೂ ಕಾಲು ಎತ್ತೆತ್ತಿ ಇಡುತ್ತ ಗಂಟೆಗಟ್ಟಲೆ ಕಳೆಯುತ್ತಾರೆ. ಅದು ಆ ದ್ವೀಪದ ಸ್ವಭಾವ, ಅನುಭವಿಸಲೇಬೇಕು ಎಂದು ನಮ್ಮೂರಿನವರು ತಿಳಿದಿದ್ದಾರೆ. ಬೂಟಿನ ಗುಡ್ಡ ಮೊದಲನೇ ದ್ವೀಪದಲ್ಲೇ ಇರುವುದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ನಾನು ಮುಳ್ಳಿನ ಮೇಲೆ ದಡದಡ ನಡೆದು ಹಾಲಮ್ಮನ ಪಕ್ಕದಲ್ಲೇ ದಾಟಿಹೋದೆ. ಅವಳು ಒಂಟಿಗಾಲಲ್ಲಿ ನಿಂತು ಮುಳ್ಳು ಕೀಳುತ್ತಿದ್ದಳು. ಕುರ್ಚಿಯ ಕೆಳಗಿನ ಗೋಣಿಚೀಲ ಕೆಂಪಾಗಿತ್ತು. ಅಜ್ಜಿ ಕೆಳಗೆ ಕೂತು ಅವಳ ಅಂಗಾಲಿಗೆ ಅರಿಸಿನ ಮೆತ್ತುತ್ತಿದ್ದರು.

"ಮೊದ್ಲೇ ಗೊತ್ತಿತ್ತಾ ನಿಂಗೆ?" ಎಂದಳು ಹಾಲಮ್ಮ.

"ಗೊತ್ತಿತ್ತು."

"ಕಳ್ಳಿ," ಎಂದಳು. ಸಿಟ್ಟಿಗಿಂತ ಹೆಚ್ಚಾಗಿ, ತನಗೆ ಯಾಕೆ ಹೊಳೆಯಲಿಲ್ಲ ಎಂಬ ಬೇಸರ ಅವಳ ದನಿಯಲ್ಲಿತ್ತು.

ಐದನೇ ದ್ವೀಪ ಬರೀ ಚೂಪುಕಲ್ಲು, ಅಲ್ಲೂ ಅದೇ ಕಥೆ. ಆರನೇ ದ್ವೀಪ ಸೇರಿದಾಗ ನಾನು ಎಷ್ಟು ಮುಂದಿದ್ದೆನೆಂದರೆ ಎರಡು ಏಡಿ ಹಿಡಿದು ತಿಂದು, ಬಂಡೆಯ ಮರೆಯಲ್ಲಿ ಕೂತು, ಹಸಿರು ಪಟ್ಟಿ ಪೂರ್ತಿ ತುಂಬುವವರೆಗೆ ಕಾದೆ. ಆರರಿಂದ ಏಳಕ್ಕೆ ಇರುವುದೇ ಎಲ್ಲಕ್ಕಿಂತ ಉದ್ದದ ನೀರು. ತುಂಬಿದ ಪಟ್ಟಿಯಲ್ಲಿ ಹೊರಟರೂ ಆಚೆ ದಂಡೆ ಮುಟ್ಟುವಾಗ ಚೂರೇ ಚೂರು ಉಳಿದಿರುತ್ತದೆ. ನಾನು ನೀರಿಗಿಳಿದು ಸ್ವಲ್ಪ ಹೊತ್ತಿನ ಮೇಲೆ ಹಾಲಮ್ಮ ಕುಂಟುತ್ತ ಆರನೇ ದ್ವೀಪ ಹತ್ತಿದಳು.

"ಕೂತ್ಕೊಂಡು ತಿನ್ನೇ," ಎಂದರು ಅವಳ ಅಜ್ಜಿ.

"ಕೂತ್ರೆ ಸೀಟು ಹೋಗ್ತೈತೆ ಅಜ್ಜಿ."

ಪಟ್ಟಿ ಅರ್ಧವಿರುವಾಗಲೇ ಇಳಿದುಬಿಟ್ಟಳು. ಬೇರೆ ಯಾರಾದರೂ ಆಗಿದ್ದರೆ ಹುಚ್ಚು ಎನ್ನುತ್ತಿದ್ದೆ. ಅವಳ ಕೈಯ ಲಯ ಗೊತ್ತಿದ್ದದ್ದರಿಂದ ನನಗೆ ಹೆದರಿಕೆಯಾಯಿತು. ತಲುಪಿದರೂ ತಲುಪಿಬಿಡುತ್ತಾಳೆ ಎಂದುಕೊಂಡೆ.

ನಾನು ಏಳನೇ ದ್ವೀಪ ಹತ್ತಿದಾಗ ಮಧ್ಯಾಹ್ನ ಮೂರು ದಾಟಿತ್ತು. ಮರಳಿನ ಮೇಲೆ ತೆವಳಿಕೊಂಡೇ ಹೋಗಿ, ತೇಲಿಬಂದ ಕಟ್ಟಿಗೆ, ಪಾಚಿ ರಾಶಿ ಹಾಕಿದೆ. ಕಟ್ಟಿಗೆ ಹಸಿ. ಚಕಮಕಿ ಕಲ್ಲನ್ನು ಒಂದು ಸಲ ಉಜ್ಜಿದರೆ ಒಂದು ಕಿಡಿ. ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಆರು ಸಲ ಉಜ್ಜಿದ್ದೆ, ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು.

"ಅಯ್ಯೋ, ಕೆಂಪಾಯ್ತು! ಹಾಲಮ್ಮಂದು ಕೆಂಪಾಯ್ತು!"

ಓರೆಗಣ್ಣಿನಲ್ಲಿ ನೋಡಿದೆ. ಅವಳ ಹಸಿರು ಪಟ್ಟಿ ಕೆಂಪಾಗಿ ಬೆರಳಗಲ ಉಳಿದಿತ್ತು. ದಂಡೆ ಅವಳಿಗೆ ಕಾಣುತ್ತಿತ್ತು, ಆದರೆ ಇನ್ನೂ ಮುನ್ನೂರು ಕೈ ದೂರ. ಕುರ್ಚಿಯಲ್ಲಿ ಅವಳ ತುಟಿ ನೀಲಿಯಾಗಿತ್ತು, ಉಸಿರು ಮೇಲೆ ಮೇಲೆ ಬರುತ್ತಿತ್ತು.

"ಓಬಿ, ತಿರುಗು! ಹೋಗಿ ಹಿಡ್ಕೊಳ್ಳೇ ಅವಳನ್ನ!" ಎಂದಳು ಅತ್ತೆ, ನನ್ನ ಅತ್ತೆಯೇ. ಆಟದಲ್ಲಿ ಒಬ್ಬರ ಬೆನ್ನು ಹಿಡಿದು ಇನ್ನೊಬ್ಬರು ತೇಲಬಹುದು. ಅಂಗಡಿಯೆಲ್ಲ ಅದನ್ನೇ ಕೂಗಿತು. ತಿರುಗು, ತಿರುಗು. ವಾರ್ಡನ್ ಮೇಡಂ ಸೊಪ್ಪು ಬಿಟ್ಟು ಎದ್ದು ನಿಂತಿದ್ದರು. ಬಸಣ್ಣ ಮೇಷ್ಟ್ರು ಮುಖ ಗೋಡೆಗೆ ಹಾಕಿ, "ಎಷ್ಟೈತ್ರೀ? ಯಾರಾದ್ರೂ ಹೇಳ್ರೀ, ಎಷ್ಟೈತೆ?" ಎಂದು ಕೇಳುತ್ತಿದ್ದರು.

ನಾನು ಕಲ್ಲು ಉಜ್ಜುತ್ತಲೇ ಇದ್ದೆ. ಅವಳಿಗೆ ಉಳಿದಿದ್ದ ಉಸಿರು ಹೆಚ್ಚೆಂದರೆ ಎಂಬತ್ತು ಎಣಿಸುವಷ್ಟು. ನಾನು ಮುನ್ನೂರು ಕೈ ಈಜಿ ಹೋಗುವಷ್ಟರಲ್ಲಿ ಅವಳು ತಳ ಸೇರಿರುತ್ತಿದ್ದಳು. ನನ್ನ ಪಟ್ಟಿಯೂ ಚೂರೇ ಇದ್ದದ್ದರಿಂದ ಹಿಂದೆಯೇ ನಾನೂ. ಊರಿನಲ್ಲಿ ಒಬ್ಬರ ಬದಲು ಮೂವರು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಬೇಕಾಗುತ್ತಿತ್ತು. ಬೆಂಕಿ ಹತ್ತಿದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಬಿಡಿಸಿ ಹೇಳಲು ಹೊತ್ತಿರಲಿಲ್ಲ.

ಅಷ್ಟರಲ್ಲಿ ಹಾಲಮ್ಮನ ಅಜ್ಜಿ ಬಂದು ನನ್ನ ಸ್ಕ್ರೀನಿಗೆ ಅಡ್ಡ ನಿಂತು ಕೈಮುಗಿದರು. "ತಾಯೀ, ಸೀಟು ನಿಂಗೇ ಇರ್ಲಿ. ಹೋಗಿ ಎಳ್ಕೊಂಬಾ ನನ್ನ ಮೊಮ್ಮಗಳ್ನ."

"ಅಜ್ಜಿ, ಕಾಣ್ತಿಲ್ಲ. ಪಕ್ಕಕ್ಕೆ ಸರೀರಿ."

"ಕಲ್ಲು ಕಣ್ರೀ ಇದು," ಎಂದರು ಹಿಂದಿನಿಂದ ಯಾರೋ. "ಹೊಟ್ಟೇಲಿ ಕಲ್ಲು ಇಟ್ಕೊಂಡು ಹುಟ್ಟೈತೆ."

ಅಜ್ಜಿಯನ್ನು ಮೊಣಕೈಯಿಂದ ತಳ್ಳುವುದೇ ಸರಿ ಎಂದುಕೊಂಡೆ. ಆಗ ಹಾಲಮ್ಮ ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕಿರುಚಿದಳು. "ಅಜ್ಜೀ! ಸರಿ ಆ ಕಡೆ! ಹಚ್ಲಿ ಅವಳು!"

ಅಜ್ಜಿ ಬೆಚ್ಚಿ ಸರಿದರು.

"ಎಷ್ಟೈತೆ?" ಎಂದೆ.

"ನಲವತ್ತು."

"ಕೈ ಬಡೀಬೇಡ. ಕೀ ಬಿಟ್ಟುಬಿಡು, ಸುಮ್ನೆ ತೇಲು."

"ಬಿಟ್ಟಿದ್ದೀನಿ. ನೀನು ಹಚ್ಚೇ, ಮಾತಾಡ್ಬೇಡ."

ಉಜ್ಜಿದೆ. ಕಿಡಿ ಹಾರಿ ಪಾಚಿಯ ಮೇಲೆ ಬಿದ್ದು ಆರಿತು. ಮತ್ತೆ ಉಜ್ಜಿದೆ. ಮೇಲಿನ ಹಸಿ ಪಾಚಿಯನ್ನು ಎತ್ತಿ ಎಸೆದು ಅಡಿಯ ಒಣಗಿದ್ದನ್ನು ಮುಂದಕ್ಕೆ ಎಳೆದುಕೊಂಡೆ. ಬೆರಳು ನೀರಿನಲ್ಲಿ ನೆನೆದು ಸುಕ್ಕಾಗಿ ಕೀ ಮೇಲೆ ಜಾರುತ್ತಿತ್ತು. ಹಾಲಮ್ಮ ಗಟ್ಟಿಯಾಗಿ ಎಣಿಸತೊಡಗಿದಳು, ಇಪ್ಪತ್ತೊಂದು, ಇಪ್ಪತ್ತು. ಹದಿಮೂರು ಎನ್ನುವಾಗ ಅವಳ ದನಿ ಗೊರಗೊರ ಎಂದಿತು, ಬಾಯಿಂದ ನೀರು ಬಂತು. ಆಮೇಲೆ ಎಣಿಕೆಯೂ ಇಲ್ಲ. ನಾನು ಉಜ್ಜಿದೆ, ಉಜ್ಜಿದೆ. ಪಾಚಿಯ ಅಂಚಿನಲ್ಲಿ ಒಂದು ಕೆಂಪು ಚುಕ್ಕಿ ಕಂಡಿತು. ಕಂಡದ್ದು ಆರಲಿಲ್ಲ. ಎರಡೂ ಸ್ಕ್ರೀನು ಒಟ್ಟಿಗೇ ಬೆಳ್ಳಗಾದವು.

ಹಾಲಮ್ಮ ಮುಂದಕ್ಕೆ ಬಗ್ಗಿ ಅರ್ಧ ಬಕೆಟ್ ನೀರು ಕಾರಿಕೊಂಡಳು. ಚಮನ್ ಸಾಬರು ಬೆನ್ನು ಗುದ್ದಿದರು. ಬೆಂಕಿ ಮೊದಲೋ ಮುಳುಗಿದ್ದು ಮೊದಲೋ ಎಂದು ಯಾರಿಗೂ ಗೊತ್ತಾಗಿರಲಿಲ್ಲ. ಅದನ್ನು ತಿಳಿಯಲು ಒಂದೇ ದಾರಿ. ಬಸಣ್ಣ ಮೇಷ್ಟ್ರು ತಾವೇ ಹೋಗಿ ಒಂದು ಚೊಂಬು ನೀರು ತಂದರು, ಮುಖ ಆಚೆ ತಿರುಗಿಸಿ ಅವಳ ಮುಂದೆ ಹಿಡಿದರು. ಹಾಲಮ್ಮ ಚೊಂಬಿನೊಳಗೆ ಇಣುಕಿ ನೋಡಿದಳು. ಒಂದು ಗುಟುಕು ಕುಡಿದಳು, ಮಿಕ್ಕಿದ್ದನ್ನು ತಲೆಯ ಮೇಲೆ ಸುರಿದುಕೊಂಡು, "ಉಪ್ಪೆಲ್ಲ ಹೋಗ್ಬೇಕು," ಎಂದಳು. ಮೇಷ್ಟ್ರು ಹಾಗೇ ನೆಲಕ್ಕೆ ಕೂತು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

ಗೆದ್ದವರಿಗೆ ಚಪ್ಪಾಳೆ ತಟ್ಟುವುದು ರೂಢಿ. ನನಗೆ ಯಾರೂ ತಟ್ಟಲಿಲ್ಲ. ಜನ ಹಾಲಮ್ಮನ ತಲೆ ಒರೆಸಿದರು, ಅಜ್ಜಿಗೆ ಚಹಾ ಕೊಟ್ಟರು, ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಮನೆಗೆ ಹೋದರು. ಅತ್ತೆ ಉಪ್ಪಿಟ್ಟಿನ ಡಬ್ಬಿ ಮುಚ್ಚಿದಳು. ವಾರ್ಡನ್ ಮೇಡಂ ಮಾತ್ರ, "ಸಂಜೆಗೇ ಟ್ರಂಕು ತಗೊಂಡ್ ಬಾ, ಒಂಬತ್ತನೇ ರೂಮು," ಎಂದು ಸೊಪ್ಪಿನ ಮೂಟೆ ನನ್ನ ತಲೆಗೆ ಹೊರಿಸಿದರು.

ಹೊರಗೆ ಮೆಟ್ಟಿಲಿನ ಮೇಲೆ ಹಾಲಮ್ಮ ಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. "ಓಬಿ, ನಿನ್ನ ರೂಮಲ್ಲಿ ಕದ್ದು ಇರ್ಲಾ? ನೆಲದ ಮೇಲೆ ಮಲಗ್ತೀನಿ."

"ಬೇಡ. ಮೇಡಂ ಬೆಳಿಗ್ಗೆ ಸಂಜೆ ತಲೆ ಎಣಿಸ್ತಾರೆ. ಸಿಕ್ಕಿಬಿದ್ರೆ ನನ್ನ ಸೀಟೂ ಹೋಗ್ತೈತೆ."

ಅವಳು ಕಾಲಿನ ಬಟ್ಟೆಗೆ ಗಂಟು ಹಾಕಿದಳು. "ಹೌದು. ನಾನಾಗಿದ್ರೂ ಬೇಡ ಅಂತಿದ್ದೆ." ಅಜ್ಜಿಯ ಭುಜ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಕುಂಟುತ್ತ ಹೋದಳು.

ಸೋಮವಾರ ನಾನು ಎಂಟೂವರೆಗೆ ಎದ್ದೆ. ಒಂಬತ್ತಕ್ಕೆ ಐದು ನಿಮಿಷವಿರುವಾಗ ಕ್ಲಾಸಿನಲ್ಲಿದ್ದೆ. ಭುಜ ನೋಯುತ್ತಿತ್ತು. ನನ್ನ ಅಕ್ಕಪಕ್ಕ ಯಾರೂ ಕೂತಿರಲಿಲ್ಲ, ನಿನ್ನೆಯ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಕೆಮಿಸ್ಟ್ರಿ ಸರ್ ಬಂದು ಹಾಜರಿ ಪುಸ್ತಕ ತೆರೆದರು. ಅವರು ಹಾಜರಿ ಕರೆಯುವಾಗ ತಲೆ ಎತ್ತುವವರಲ್ಲ, ಮುಗಿದ ಮೇಲೆ ಬಂದವರನ್ನು ಸೇರಿಸಿಕೊಳ್ಳುವವರೂ ಅಲ್ಲ.

"ಇಪ್ಪತ್ತೇಳು."

ಹಾಲಮ್ಮನ ನಂಬರು. ಅವಳ ಬಸ್ಸು ಇನ್ನೂ ದಾರಿಯಲ್ಲಿತ್ತು. ಕ್ಲಾಸು ಬಾಗಿಲಿನ ಕಡೆ ನೋಡಿತು.

"ಇಪ್ಪತ್ತೇಳು?"

ನಾನು ಬೆಂಚಿನ ಮೇಲೆ ಬಗ್ಗಿ, ಸೆರಗಿನಂತೆ ದುಪಟ್ಟಾವನ್ನು ಬಾಯಿಗೆ ಅಡ್ಡ ಹಿಡಿದು, ನಿನ್ನೆ ನೀರು ಕುಡಿದು ಕೆಟ್ಟ ಹಾಲಮ್ಮನ ಗಂಟಲಿನಲ್ಲಿ "ಪ್ರೆಸೆಂಟ್ ಸಾರ್" ಎಂದೆ. ಮುಂದಿನ ಬೆಂಚಿನವಳು ತಿರುಗಿ ನನ್ನನ್ನು ನೋಡಿದಳು. ಸರ್ ಗುರುತು ಹಾಕಿಕೊಂಡು ಮುಂದಕ್ಕೆ ಹೋದರು. ಮೂವತ್ತೊಂದಕ್ಕೆ ನನ್ನ ಸ್ವಂತ ದನಿಯಲ್ಲಿ ಇನ್ನೊಂದು ಸಲ ಹೇಳಿದೆ.

ಒಂಬತ್ತೂವರೆಗೆ, ಸರ್ ಬೋರ್ಡಿನ ಮೇಲೆ ಬರೆಯುತ್ತಿರುವಾಗ, ಹಾಲಮ್ಮ ಹಿಂದಿನ ಬಾಗಿಲಿನಿಂದ ಕುಂಟುತ್ತ ಒಳಗೆ ಬಂದು, ಖಾಲಿಯಿದ್ದ ಕಡೆ ಎಂದರೆ ನನ್ನ ಪಕ್ಕ ಕೂತಳು. ಬೆವರೊರೆಸಿಕೊಂಡು ಪಿಸುಗುಟ್ಟಿದಳು. "ಹಾಜರಿ ಆಗೋಯ್ತಾ?"

"ನೀನು ಬಂದು ಅರ್ಧ ಗಂಟೆ ಆಯ್ತು," ಎಂದೆ. "ಸುಮ್ನೆ ಬರ್ಕೋ."